ಕರಪತ್ರದ ಏಳು ಗಂಟೆ

2 ಫೆಬ್ರವರಿ 2025, ಭಾನುವಾರ. ಬೆಳಿಗ್ಗೆ 7-20

ಎಡ. ಚರ್ಮ ಹಿಡಿದೆ, ಸೂಜಿ ನೆಟ್ಟಗೆ ಇಳಿಸಿದೆ, ಹತ್ತು ಎಣಿಸಿದೆ, ತೆಗೆದೆ. ಉಜ್ಜಲಿಲ್ಲ. ಒಂದು ಹನಿ ರಕ್ತ. ಹತ್ತಿ ಒತ್ತಿಕೊಂಡದ್ದು ಅವಳೇ. ಮುಖ ಗೋಡೆಯ ಕಡೆ.

ನನ್ನ ಕೈಯಿಂದ ಇದು ಆರನೆಯದು.

ಮಾತಾಡಬಾರದೆಂದು ಅಪ್ಪಣೆಯಾಗಿದೆ. ಮೊದಲ ದಿನ ಅವಳಿಗೆ ಧೈರ್ಯ ಬರಲಿ ಎಂದು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತು ಎತ್ತಿದ್ದೆ. ಪಕ್ಕದ ಮನೆ ನಾಯಿ ಎದ್ದು ಬೊಗಳಿತು. ಲಾವಣ್ಯ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಅಪ್ಪ, ಡೈಲಾಗ್ ಬೇಡ. ಚುಚ್ಚಿಬಿಡಿ ಸಾಕು."

ಅಲ್ಲಿಗೆ ನನ್ನ ಪಾತ್ರದ ಮಾತು ಮುಗಿಯಿತು. ನಲವತ್ತು ವರ್ಷ ಮೈಕಿಲ್ಲದೆ ಬಯಲಿನ ಕೊನೆಯ ಚಾಪೆಗೂ ಕೇಳಿಸಿದ ಗಂಟಲು. ಈಗ ಈ ರಿಹರ್ಸಲ್ ನೋಟ್‌ಬುಕ್ಕಿನ ಹಿಂದಿನ ಪುಟಗಳಿಗೆ ಬಂದು ಕೂತಿದೆ. ಮುಂದಿನ ಪುಟಗಳಲ್ಲಿ ಯಾವ ಊರಲ್ಲಿ ಯಾರಿಗೆ ಯಾವ ಪಾತ್ರ, ಯಾರ ಗಂಟಲಿಗೆ ಯಾವ ಶ್ರುತಿ ಎಂಬ ಪಟ್ಟಿ.

ಪರದೆ ಎದ್ದ ಮೇಲೆ ಸೂತ್ರಧಾರ ಬಂದು ಕಥೆ ಹೇಳಬೇಕು. ಸಭೆ ಖಾಲಿಯಿದ್ದರೂ ಅಭ್ಯಾಸ ಬಿಡದು. ಹೇಳಿಬಿಡುತ್ತೇನೆ. ನಾನು ಕೋನಪ್ಪ, ದಿಬ್ಬೂರಹಳ್ಳಿ, ಹಾರ್ಮೋನಿಯಂ ಮೇಷ್ಟ್ರು. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವವನು. ಲಾವಣ್ಯ ಒಬ್ಬಳೇ ಮಗಳು. ಎರಡು ಸಲ ಬಸುರಾದಳು. ಒಂದು ಮೂರನೇ ತಿಂಗಳಲ್ಲಿ ಹೋಯಿತು, ಇನ್ನೊಂದು ಆರನೇ ತಿಂಗಳಲ್ಲಿ. ಆ ಎರಡನೆಯದು ಹುಟ್ಟಿತು, ಅಳಲಿಲ್ಲ. ಚಿಕ್ಕಬಳ್ಳಾಪುರದ ಡಾಕ್ಟರು ಹರಿತಾ ಮೇಡಂ ಆಮೇಲೆ ಕಾರಣ ಕಂಡುಹಿಡಿದರು: ಇವಳ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮಗುವಿಗೆ ಹೋಗುವ ದಾರಿಯಲ್ಲೇ ನಿಂತುಬಿಡುತ್ತದೆ. ಅದಕ್ಕೇ ಈ ಮೂರನೆಯದಕ್ಕೆ ಎರಡನೇ ತಿಂಗಳಿಂದಲೇ ದಿನಕ್ಕೊಂದು ಇಂಜೆಕ್ಷನ್, ರಕ್ತ ತೆಳ್ಳಗಿರಲಿ ಎಂದು, ಹೊಟ್ಟೆಯ ಮೇಲೆ. ಹೆರಿಗೆಯವರೆಗೆ. ಆಮೇಲೂ ಆರು ವಾರ.

ಚಿಂತಾಮಣಿಯಲ್ಲಿ ಅಳಿಯ ಮಧುಸೂದನ್ ಕೊಡುತ್ತಿದ್ದ. ಏಳನೇ ತಿಂಗಳಿಗೆ ತವರಿಗೆ ಬಂದಳು. ಒಂದು ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿರಿಂಜು. ಸ್ವಂತ ಕೈಯಿಂದ ಅವಳಿಗಾಗದು. ಸೂಜಿ, ಪೆಟ್ಟಿಗೆ, ಡಾಕ್ಟರ ಕಾರ್ಡು, ಯಾವುದನ್ನೂ ಕಣ್ಣೆತ್ತಿ ನೋಡುವುದಿಲ್ಲ. ಅವರಮ್ಮ ಲಕ್ಷ್ಮಿದೇವಮ್ಮನ ಕಣ್ಣಿಗೆ ಪೊರೆ. ಊರಿನ ಆಸ್ಪತ್ರೆಯ ನರ್ಸ್ ಮುನಿಶಾಮಮ್ಮ ಮೂರು ದಿನ ಬಂದು ತೋರಿಸಿದಳು, ದಿನಾ ಬರಲಾಗದು, ಮನೆಯಲ್ಲೇ ಯಾರಾದರೂ ಕಲಿಯಿರಿ ಎಂದಳು. ನಾನು ಎದ್ದು ನಿಂತು ಎದೆ ಮುಟ್ಟಿಕೊಂಡೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

5 ಫೆಬ್ರವರಿ. 7-35

ಬಲ. ಸಲೀಸು.

ಮದ್ದನ್ನು ನಿಧಾನವಾಗಿ ಒತ್ತಬೇಕು. ಮುನಿಶಾಮಮ್ಮ ಹತ್ತು ಎಣಿಸು ಎನ್ನುತ್ತಾಳೆ. ಎಣಿಕೆ ಓಡುತ್ತದೆ. ಮನಸ್ಸಿನಲ್ಲೇ ಎಂಟು ಪೆಟ್ಟಿನ ಒಂದು ಆವರ್ತ ತಾಳ ಹಾಕಿದೆ, ಮೇಲೆರಡು ಪೆಟ್ಟು. ಹೆಬ್ಬೆರಳಿಗೆ ಹಾರ್ಮೋನಿಯಂ ಪೆಟ್ಟಿಗೆಯ ಮನೆ ಒತ್ತಿದ ಅಭ್ಯಾಸವಿದೆ. ಸರಿಹೋಯಿತು.

ಬಳಸಿದ ಸೂಜಿಗಳನ್ನು ಎಸೆಯುವಂತಿಲ್ಲ. ಅರದಾಳದ ಹಳೇ ಡಬ್ಬಿಯಲ್ಲಿ ಹಾಕುತ್ತಿದ್ದೇನೆ. ಎಷ್ಟೋ ರಾಜರ ಮುಖಕ್ಕೆ ಹಳದಿ ಬಳಿದ ಡಬ್ಬಿ. ಅಲ್ಲಾಡಿಸಿದರೆ ಗೆಜ್ಜೆಯ ಸದ್ದು.

10 ಫೆಬ್ರವರಿ. 8-05

ಎಡ. ಹಿತ್ತಿಲ ಜಗುಲಿಯಲ್ಲಿ.

ನಡುಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಸ್ಪಿರಿಟ್ ವಾಸನೆ ತಾಕಿದರೆ ಹುಳು ಸೊಪ್ಪು ಬಿಡುತ್ತವೆ ಎಂದು ಲಕ್ಷ್ಮಿದೇವಮ್ಮ ಹತ್ತಿ ಹಿಡಿದ ನನ್ನ ಕೈಯನ್ನೇ ಹೊರಗೆ ದಬ್ಬಿದಳು. ಮಗಳೂ ಹೊರಗೆ, ಅಪ್ಪನೂ ಹೊರಗೆ. ಹುಳುಗಳಿಗೆ ಒಳಗೆ ಪಟ್ಟಾಭಿಷೇಕ. ಬಿಸಿಲು ಚೆನ್ನಾಗಿತ್ತು. ಲಾವಣ್ಯ ನಕ್ಕಳು. ಸೂಜಿ ಒಳಗಿದ್ದಾಗ ನಗಬೇಡ ಎನ್ನಬೇಕೆಂದಿದ್ದೆ. ಮಾತು ನಿಷಿದ್ಧ.

17 ಫೆಬ್ರವರಿ. 8-40

ಬಲ. ತಡ. ರಾತ್ರಿ ಶಿಡ್ಲಘಟ್ಟದ ಕಡೆ ಪ್ರ್ಯಾಕ್ಟೀಸ್ ಇತ್ತು, ಎದ್ದದ್ದು ಎಂಟಕ್ಕೆ.

ಡಾಕ್ಟರ ಕಾರ್ಡಿನಲ್ಲಿ ಮೂರು ಕಾಲಂ. ತಾರೀಖು, ಟೈಮ್, ಯಾವ ಕಡೆ. ಮೇಡಂ ಹೇಳಿದ್ದು ಬೆಳಿಗ್ಗೆ ಏಳು. ನಾನು ದಿನವೂ ಏಳು ಎಂದೇ ಬರೆಯುತ್ತೇನೆ. ಇವತ್ತು ಲಕ್ಷ್ಮಿದೇವಮ್ಮ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿದಳು.

"ಎಂಟೂ ಮುಕ್ಕಾಲಲ್ವಾ ಈಗ? ಇದ್ರಲ್ಲಿ ಏಳು ಅಂತೈತೆ?"

"ನಮ್ ಕರಪತ್ರದಲ್ಲಿ ರಾತ್ರಿ ಎಂಟಕ್ಕೆ ಸರಿಯಾಗಿ ಅಂತ ಹಾಕ್ತೀವಲ್ಲ. ಯಾವತ್ತಾದ್ರೂ ಹನ್ನೊಂದಕ್ಕೆ ಮುಂಚೆ ಪರದೆ ಎದ್ದಿದೆಯೇನೇ?"

"ನಾಟ್ಕಕ್ಕೆ ಜನ ಕಾಯ್ತಾರೆ," ಎಂದಳು. ಹುಳುಗಳ ಕಡೆ ಹೋದಳು.

ಕರಪತ್ರದ ಟೈಮು ಸುಳ್ಳಲ್ಲ. ಗೌರವದ ಟೈಮು. ನಡೆಯುವುದು ನಡೆಯುವ ಹೊತ್ತಿಗೇ ನಡೆಯುತ್ತದೆ. ಅದನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಸಾಕು.

26 ಫೆಬ್ರವರಿ. ಮಧ್ಯಾಹ್ನ 12

ಒಂದು ಪ್ರಮಾದ.

ಈ ವಾರ ದಿನ ಬಿಟ್ಟು ದಿನ, ಒಟ್ಟು ಮೂರು ದಿನ ನಾನು ಊರಲ್ಲಿರಲಿಲ್ಲ. ಮುನಿಶಾಮಮ್ಮ ಬಂದು ಕೊಟ್ಟಳು, ಕಾರ್ಡು ನೋಡಿ ಕಡೆ ಬದಲಾಯಿಸುತ್ತ. ಇವತ್ತು ನೋಡಿದರೆ ಒಂದೇ ಕಡೆ ಅಂಗೈ ಅಗಲ ನೇರಳೆ ಬಣ್ಣ. ಇನ್ನೊಂದು ಕಡೆ ಏನೂ ಇಲ್ಲ. ಪಾತ್ರಧಾರಿಗೆ ಅರ್ಧ ಮುಖಕ್ಕೆ ಬಣ್ಣ ಹಾಕಿ ಬಿಟ್ಟ ಹಾಗೆ.

ವಿಚಾರಣೆ ನಡೆಯಿತು. ಹಾರ್ಮೋನಿಯಂ ಮೇಷ್ಟ್ರು ಕೂರುವುದು ರಂಗದ ಎದುರಿಗೆ. ನಾನು ಬಲಕ್ಕೆ ಬಾ ಎಂದರೆ ನನ್ನ ಬಲ; ಆಡುವವನ ಎಡ. ನನ್ನ ಶಿಷ್ಯರಿಗೆಲ್ಲ ಗೊತ್ತು. ಕಾರ್ಡಿನಲ್ಲೂ ಅದೇ ಬರೆದಿದ್ದೇನೆ. ಮುನಿಶಾಮಮ್ಮ ಅದನ್ನು ಲಾವಣ್ಯಳ ಬಲ ಎಂದುಕೊಂಡಳು. ನಾನು ಚುಚ್ಚಿದ ಜಾಗಕ್ಕೇ ಅವಳೂ ಬಂದಳು.

ಅವಳು ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆ ಯಾರದು ಮೇಷ್ಟ್ರೇ, ನಿಮ್ದಾ ಅವಳದ್ದಾ ಎಂದು ಕೇಳಿದಳು.

ಇವತ್ತಿನಿಂದ ಅವಳ ಎಡ, ಅವಳ ಬಲ.

28 ಫೆಬ್ರವರಿ. 7-15

ಅವಳ ಎಡ.

10 ಮಾರ್ಚ್. ಸಂಜೆ 5

ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದೆವು. ಮಗುವಿನ ಬೆಳವಣಿಗೆ ಸರಿಯಿದೆ. ರಕ್ತದ ಓಟ ಸರಿಯಿದೆ. ಆ ಸದ್ದು ಮೆಷಿನ್ನಿನಲ್ಲಿ ಕೇಳಿಸಿದರು. ದ್ರುತ ಲಯ, ಒಂದು ಪೆಟ್ಟೂ ತಪ್ಪಲಿಲ್ಲ. ಮಗುವಿನ ತಲೆ ಮಾತ್ರ ಇನ್ನೂ ಮೇಲಿದೆ. ತಿರುಗದಿದ್ದರೆ ಸಿಜೇರಿಯನ್, ಏಪ್ರಿಲ್ 14ಕ್ಕೆ.

ಲಾವಣ್ಯ ಒಂದೇ ಪ್ರಶ್ನೆ ಕೇಳಿದಳು. ಎಚ್ಚರ ಇರ್ತೀನಾ ಮೇಡಂ. ಬೆನ್ನಿಗೆ ಮಾತ್ರ ಅನಸ್ತೇಷಿಯಾ, ಎಚ್ಚರ ಇರ್ತೀಯಮ್ಮ, ಮಗು ಅಳೋದು ಕೇಳಿಸುತ್ತೆ ಎಂದರು. ಇವಳು ತಲೆಯಾಡಿಸಿದಳು.

ಮೇಡಂ ಕಾರ್ಡು ತಿರುವಿ ನೋಡಿದರು. ದಿನಾ ಏಳಕ್ಕೇ ಏಳು. ಇಂಥ ಅಪ್ಪ ಎಷ್ಟು ಜನಕ್ಕೆ ಸಿಗ್ತಾರೆ ಎಂದು ಪಕ್ಕದ ನರ್ಸಿಗೆ ತೋರಿಸಿದರು. ನಾನು ಕೈ ಮುಗಿದೆ. ಸನ್ಮಾನದ ಶಾಲು ಹೊದಿಸಿದಾಗ ಮುಗಿಯುವ ಹಾಗೆ.

ಆಮೇಲೆ ಹೇಳಿದರು: ನೋವು ಮುಂಚೆಯೇ ಬಂದರೆ ಮೊದಲು ಈ ಕಾರ್ಡು ತನ್ನಿ. ಕೊನೇ ಇಂಜೆಕ್ಷನ್ ಆಗಿ ಹನ್ನೆರಡು ಗಂಟೆ ಕಳೆಯದೆ ಬೆನ್ನಿಗೆ ಸೂಜಿ ಹಾಕುವಂತಿಲ್ಲ. ಹಾಕಿದರೆ ಬೆನ್ನುಹುರಿಯ ಹತ್ತಿರ ರಕ್ತ ಸೋರಬಹುದು, ಕಾಲು ಹೋಗಬಹುದು.

ಆಗ ಹೇಳಬಹುದಿತ್ತು. ಶಾಲು ಹೊದಿಸಿ ಆಗಿತ್ತು.

ನಾಳೆಯಿಂದ ಸರಿಯಾಗಿ ಏಳಕ್ಕೇ ಕೊಟ್ಟರಾಯಿತು. ಆಗ ಬರೆದದ್ದೇ ನಿಜವಾಗುತ್ತದೆ.

11 ಮಾರ್ಚ್. 7-00

ಅವಳ ಬಲ. ಗಡಿಯಾರ ನೋಡಿಯೇ.

12 ಮಾರ್ಚ್. 7-00

ಅವಳ ಎಡ.

15 ಮಾರ್ಚ್. 7-30

ಅವಳ ಬಲ.

24 ಮಾರ್ಚ್. ಮಧ್ಯಾಹ್ನ 3

ನಗರಗೆರೆಯಿಂದ ನಲ್ಲಪ್ಪ ಬಂದಿದ್ದ. ಈ ವರ್ಷ ಕಿರೀಟದ ಪಾತ್ರ ಅವನದು. ಯುಗಾದಿ ಕಳೆದ ಮೇಲೆ, ಏಪ್ರಿಲ್ ಎರಡಕ್ಕೆ ನಾಟಕ. ನವೆಂಬರಿಂದ ನಾನೇ ಕಲಿಸಿದ್ದು. ಬರಲಾಗದು, ಮಗಳು ಹೀಗಿದ್ದಾಳೆ ಎಂದೆ. ಅವನು ತೆಲುಗು ಬೆರೆಸಿ ಕೈ ಹಿಡಿದುಕೊಂಡ.

"ಅಟ್ಲ ಅನ್ಬೇಡಿ ಮೇಷ್ಟ್ರೇ. ನೀವು ಪೆಟ್ಟಿಗೆ ಹಿಡೀದೆ ನಾನು ಬಾಯಿ ತೆಗೆದ್ರೆ ಜನ ಎದ್ದು ಹೋಗ್ತಾರೆ. ಬೆಳಕು ಹರಿಯೋ ಹೊತ್ಗೆ ಮಂಗಳ. ನಾನೇ ಬಸ್ ಹತ್ತಿಸ್ತೀನಿ."

ಒಳಗಿನಿಂದ ಲಾವಣ್ಯ, ಹೋಗಲಿ ಬಿಡಿ ಅಮ್ಮ, ಇಲ್ಲಿ ಕೂತು ಬರೀತಾ ಬರೀತಾ ಒಣಗಿದಾರೆ, ಎಂದದ್ದು ಕೇಳಿಸಿತು. ಒಪ್ಪಿಕೊಂಡೆ.

ಮುನಿಶಾಮಮ್ಮನಿಗೆ ಆ ದಿನ ಶಿಡ್ಲಘಟ್ಟದಲ್ಲಿ ಟ್ರೇನಿಂಗ್. ಬೇಕಿಲ್ಲ. ಬೆಳಿಗ್ಗೆ ಬಂದುಬಿಡುತ್ತೇನೆ.

2 ಏಪ್ರಿಲ್. 7-05

ಅವಳ ಬಲ. ಹೊಟ್ಟೆಯ ಚರ್ಮ ಬಿಗಿದಿದೆ. ಹಿಡಿಯುವುದಕ್ಕೆ ಜಾಗ ಹುಡುಕಬೇಕು.

ಮಧ್ಯಾಹ್ನದ ಬಸ್ಸಿಗೆ ನಗರಗೆರೆ.

3 ಏಪ್ರಿಲ್, ಗುರುವಾರ. ಬೆಳಿಗ್ಗೆ 11-40

ಅವಳ ಎಡ. ಕೊಟ್ಟದ್ದು 11-20.

ಪರದೆ ಎದ್ದದ್ದೇ ಹನ್ನೆರಡಕ್ಕೆ. ಗದೆಯ ಸೀನಿಗೆ ಒನ್ಸ್ ಮೋರ್ ಬಂತು. ಒಂದಲ್ಲ, ಎರಡು. ನಲ್ಲಪ್ಪ ಹಾಡಿದ್ದನ್ನೇ ಹಾಡಿದ, ನಾನು ಹಿಡಿದದ್ದನ್ನೇ ಹಿಡಿದೆ. ಮಂಗಳವಾದಾಗ ಏಳು ದಾಟಿತ್ತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಊರು. ನಾಲ್ಕು ಬಸ್ಸು.

ಲಾವಣ್ಯ ಜಗುಲಿಯ ಮೇಲೆ ಕಾಯುತ್ತಿದ್ದಳು. ಬೈಯಲಿಲ್ಲ. ಮುಖದಲ್ಲಿ ಹಳದಿ ಉಳಿದಿದೆ ಅಪ್ಪ, ತೊಳ್ಕೊಳ್ಳಿ ಎಂದಳು. ಬೇರೆಯವರಿಗೆ ಬಣ್ಣ ಹಾಕಿದ ಕೈ, ಹಣೆಗೆ ತಾಕಿತ್ತು.

ಕಾರ್ಡಿನಲ್ಲಿ: 3-4, 7-00, ಎಡ.

ಇದೊಂದು ದಿನ. ಮಲಗುತ್ತೇನೆ.

ಅದೇ ದಿನ. ಸಂಜೆ 5-50. ಚಿಕ್ಕಬಳ್ಳಾಪುರ, ಆಸ್ಪತ್ರೆ

ಮೂರು ಗಂಟೆಗೆ ನೀರು ಒಡೆಯಿತು. ಮೂವತ್ತಾರು ವಾರ ಈಗಷ್ಟೇ ದಾಟಿತ್ತು. ಎದುರುಮನೆಯವರ ಕಾರು. ನಾನು ಹಿಡಿದದ್ದು ಕಾರ್ಡು ಮತ್ತು ಈ ನೋಟ್‌ಬುಕ್, ಒಂದೇ ಚೀಲದಲ್ಲಿ. ಲಕ್ಷ್ಮಿದೇವಮ್ಮ ಒಳಗಿದ್ದಾಳೆ. ಮಧುಸೂದನ್ ಚಿಂತಾಮಣಿಯಿಂದ ಹೊರಟಿದ್ದಾನೆ.

ಮಗುವಿನ ತಲೆ ತಿರುಗಿಲ್ಲ. ಆಪರೇಷನ್ ಇವತ್ತೇ. ಕಾರ್ಡನ್ನು ನರ್ಸ್ ಒಯ್ದರು.

ಕಾರಿಡಾರಿನಲ್ಲಿ ಎಂಟು ಕುರ್ಚಿ. ಏಳು ಖಾಲಿ. ಎದುರು ಗೋಡೆಯಲ್ಲಿ ಗಡಿಯಾರ. ಸರಿಯಾಗಿ ನಡೆಯುತ್ತಿದೆ.

6-30

ಅನಸ್ತೇಷಿಯಾದ ಡಾಕ್ಟರು ಬಂದಿದ್ದರು. ಭಾನುಪ್ರಕಾಶ್ ಎಂದು ಕೋಟಿನ ಮೇಲೆ ಇತ್ತು. ಕೈಯಲ್ಲಿ ನನ್ನ ಕಾರ್ಡು. ಒಳಗೆ ಲಾವಣ್ಯಳನ್ನು ಕೇಳಿದರಂತೆ. ನಾನು ನೋಡೋದಿಲ್ಲ ಸರ್, ಎಲ್ಲ ನಮ್ಮಪ್ಪ ಬರೆದಿರ್ತಾರೆ, ಅದೇ ಸರಿ ಎಂದಳಂತೆ.

"ಯಜಮಾನ್ರೇ, ಇವತ್ತಿಂದು ಬೆಳಿಗ್ಗೆ ಏಳಕ್ಕೆ ತಾನೆ?"

"ಹೌದು ಸ್ವಾಮಿ," ಎಂದೆ.

ನನ್ನ ದನಿಗೆ ಕಾರಿಡಾರ್ ತುಂಬಿತು. ಆ ತುದಿಯ ಕಾವಲುಗಾರ ತಿರುಗಿ ನೋಡಿದ. ಯಾರೋ ಹಿಂದಿನಿಂದ ಮಾತು ಎತ್ತಿಕೊಟ್ಟ ಹಾಗೆ ಬಂತು ಆ ಹೌದು. ಬಾಯಿಪಾಠವಾಗಿದ್ದ ಮಾತು.

ಅವರು ಗಡಿಯಾರ ನೋಡಿದರು. ಏಳಕ್ಕೆ ಹನ್ನೆರಡು ತುಂಬುತ್ತೆ, ತೊಗೊಂಬಿಡ್ತೀವಿ ಎಂದು ಹೊರಟರು. ಚಪ್ಪಲಿಯ ಸದ್ದು. ಬಾಗಿಲು.

ಅವಳು ಎಚ್ಚರವಿರುತ್ತಾಳೆ. ಅಳು ಕೇಳಿಸಿಕೊಳ್ಳುತ್ತಾಳೆ.

ಹಿಂದಿನ ಪುಟ ತಿರುವಿದೆ. ಕೊಟ್ಟದ್ದು 11-20. ನನ್ನದೇ ಅಕ್ಷರ. ಏಳರಿಂದ ಏಳು ಹನ್ನೆರಡು. ಹನ್ನೊಂದು ಇಪ್ಪತ್ತರಿಂದ ಏಳು... ಏಳು ಗಂಟೆ ನಲವತ್ತು ನಿಮಿಷ.

ನಾಟಕಕ್ಕೆ ಜನ ಕಾಯುತ್ತಾರೆ.

6-41. ಹೋಗುತ್ತೇನೆ.

7-15

ಹೋದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ತಡೆದರು. ಡಾಕ್ಟರನ್ನು ಕರೆಯಿರಿ ಎಂದೆ. ಅವರು ಬಂದರು. ಗ್ಲೌಸ್ ಹಾಕಿಕೊಳ್ಳುತ್ತಿದ್ದರು.

"ಏಳಕ್ಕಲ್ಲ ಸ್ವಾಮಿ. ಹನ್ನೊಂದು ಇಪ್ಪತ್ತಕ್ಕೆ."

"ಏನು? ಸ್ವಲ್ಪ ಗಟ್ಟಿಯಾಗಿ ಹೇಳಿ, ಕೇಳಿಸ್ಲಿಲ್ಲ."

ಅರವತ್ಮೂರು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಮತ್ತೆ ಹೇಳಿದೆ. ನೋಟ್‌ಬುಕ್ ತೆರೆದು ತೋರಿಸಿದೆ. ಅವರು ಕಾರ್ಡು ನೋಡಿದರು, ಪುಟ ನೋಡಿದರು, ಮತ್ತೆ ಕಾರ್ಡು ನೋಡಿದರು. ಹಿಂದಿನ ದಿನಗಳೂ ಹೀಗೇನಾ ಎಂದು ಕೇಳಿದರು. ಹೌದು ಎಂದೆ. ಯಾಕೆ ಎಂದರು. ಕರಪತ್ರದ ಕಥೆ ಹೇಳಲು ಬಾಯಿ ತೆರೆದೆ. ಅವರಿಗೆ ಕೇಳುವ ಪುರುಸೊತ್ತಿರಲಿಲ್ಲ.

ಗ್ಲೌಸ್ ತೆಗೆದು ಬುಟ್ಟಿಗೆ ಹಾಕಿದರು.

"ಇನ್ನು ಹದಿನೈದು ನಿಮಿಷ ಬಿಟ್ಟು ಬಂದಿದ್ರೆ ಬೆನ್ನಿಗೆ ಚುಚ್ಚಿರ್ತಿದ್ದೆ, ಗೊತ್ತಾ?"

ಹರಿತಾ ಮೇಡಂ ಬಂದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ರಾತ್ರಿ ಹನ್ನೊಂದೂವರೆವರೆಗೆ ಕಾಯುವಂತಿಲ್ಲ, ಮಗುವಿನ ಬಡಿತ ಆಗಾಗ ಇಳಿಯುತ್ತಿದೆ. ಹಾಗಾಗಿ ಜನರಲ್. ಪೂರ್ತಿ ನಿದ್ದೆ. ರಕ್ತ ಹೆಚ್ಚು ಹೋದರೆ ಬೇಕಾಗುತ್ತದೆಂದು ಎರಡು ಬಾಟ್ಲಿ ತರಿಸಿಟ್ಟರು. ಮೇಡಂ ನನ್ನ ಕಡೆ ನೋಡಲಿಲ್ಲ. ಶಾಲು ಹೋಯಿತು.

ಲಾವಣ್ಯಳಿಗೆ ನಾನೇ ಹೇಳಬೇಕೆಂದೆ. ಒಂದು ನಿಮಿಷ ಬಿಟ್ಟರು. ಹಸಿರು ಟೋಪಿ ಹಾಕಿದ್ದರು ಅವಳಿಗೆ. ಏಳು ಅಂತ ಬರೆದದ್ದು ಸುಳ್ಳು, ಹನ್ನೊಂದಕ್ಕೆ ಕೊಟ್ಟದ್ದೇ ಲೆಕ್ಕ, ಅದಕ್ಕೇ ನಿನ್ನನ್ನು ಮಲಗಿಸುತ್ತಾರೆ ಎಂದೆ. ಮೂರು ವಾಕ್ಯ. ಅಲಂಕಾರವಿಲ್ಲ.

ಅವಳು ಮೇಲಿನ ದೀಪ ನೋಡುತ್ತಿದ್ದಳು.

"ಹಂಗಾದ್ರೆ ನಂಗೆ ಕೇಳ್ಸಲ್ಲ."

"ಇಲ್ಲ."

"ನೀವು ಹೊರಗಿರಿ. ಕೇಳಿಸ್ಕೊಳ್ಳಿ. ಸರಿಯಾಗಿ."

ಬಾಗಿಲು ಮುಚ್ಚಿತು. 7-09.

7-31

ಏನೂ ಇಲ್ಲ. ಮಧುಸೂದನ್ ಬಂದ. ಹೇಳಿದೆ. ಪಕ್ಕದಲ್ಲಿ ಕೂರಲಿಲ್ಲ. ಆ ತುದಿಯ ಕುರ್ಚಿಯಲ್ಲಿ ಕೂತ.

ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ. ಅವಳ ಉಸಿರಿನ ಸದ್ದೂ ಜಾಸ್ತಿ ಎನ್ನಿಸುತ್ತಿದೆ. ಫ್ಯಾನ್ ಕಿರುಗುಟ್ಟುತ್ತಿತ್ತು. ಎದ್ದು ಹೋಗಿ ಆರಿಸಿದೆ.

7-38

ಅತ್ತಿತು.

ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ನಿಶ್ಶಬ್ದ, ತಾಳದ ನಾಲ್ಕು ಮಾತ್ರೆಯಷ್ಟು. ಆಮೇಲೆ ಅಳು. ಕಪ್ಪು ಎರಡು. ಪೆಟ್ಟಿಗೆಯ ಎರಡನೇ ಕಪ್ಪು ಮನೆ, ಮೇಲಿನ ಸ್ಥಾಯಿ. ಎರಡನೇ ಸಲ ಸ್ವಲ್ಪ ಇಳಿಯಿತು, ಬಿಳಿಯ ಹತ್ತಿರ. ಮೂರನೇ ಸಲ ಮತ್ತೆ ಕಪ್ಪು ಎರಡಕ್ಕೇ ಹತ್ತಿತು. ಐದನೇ ಸಲದ ಮೇಲೆ ಉಸಿರು ಎಳೆದದ್ದು ಕೇಳಿಸಿತು. ಆಮೇಲೆ ಬಿಡದೆ.

ಎಲ್ಲ ಬರೆದುಕೊಂಡಿದ್ದೇನೆ.

ಹೆಣ್ಣು ಎಂದರು. ಎರಡು ಕೇಜಿ ಮುನ್ನೂರು. ಲಾವಣ್ಯಳ ಬಗ್ಗೆ ಇನ್ನೂ ಏನೂ ಹೇಳಿಲ್ಲ.

8-20

ಹೊಲಿಗೆ ಮುಗಿದಿದೆ. ರಕ್ತ ಜಾಸ್ತಿ ಹೋಯಿತಂತೆ, ಒಂದು ಬಾಟ್ಲಿ ಹಾಕಿದ್ದಾರೆ. ಹೆಸರು ಕೇಳಿದರೆ ಹೇಳುತ್ತಿದ್ದಾಳಂತೆ. ಕಾಲು ಆಡಿಸಿ ಅಂದರೆ ಆಡಿಸಿದಳಂತೆ. ಎರಡೂ ಕಾಲು. ಎರಡೂ ತಾನೆ ಎಂದು ಮತ್ತೆ ಕೇಳಿದೆ. ಎರಡೂ.

4 ಏಪ್ರಿಲ್. ಬೆಳಿಗ್ಗೆ 8-10

ಇಂಜೆಕ್ಷನ್ ಮತ್ತೆ ಶುರು. ಇನ್ನು ನಲವತ್ತೆರಡು. ಹೊಟ್ಟೆ ಹೊಲಿದಿದ್ದಾರೆ, ಹಾಗಾಗಿ ತೊಡೆಗೆ. ಇಲ್ಲಿ ನರ್ಸೇ ಕೊಡುತ್ತಾರೆ. ಮನೆಗೆ ಹೋದ ಮೇಲೆ ಯಾರು ಎಂದು ನರ್ಸ್ ಕೇಳಿದರು. ಮಧುಸೂದನ್ ನನ್ನ ಕಡೆ ನೋಡಲಿಲ್ಲ. ನಾನು ಎದ್ದು ನಿಲ್ಲಲಿಲ್ಲ.

ನಮ್ಮಪ್ಪ ಎಂದಳು ಲಾವಣ್ಯ. ಗಂಟಲಲ್ಲಿ ನಳಿಕೆ ಇಟ್ಟಿದ್ದರಿಂದ ಸ್ವರ ಒಡೆದಿತ್ತು.

ಹೊಸ ಕಾರ್ಡು ಕೊಟ್ಟರು. ಅವಳು ಕೈ ಚಾಚಿ ಇಸಿದುಕೊಂಡಳು. ಮೊದಲ ಸಲ ಕಾರ್ಡಿನ ಮೇಲೆ ಕಣ್ಣಿಟ್ಟದ್ದು. ಪೆನ್ನು ಕೇಳಿದಳು. ಟೈಮ್ ಎಷ್ಟು ಎಂದಳು. 8-03 ಎಂದೆ.

"ಕರಪತ್ರದ್ದಾ?"

"ಗೋಡೆದು."

ಬರೆದುಕೊಂಡಳು. ಎಡ ಎಂದೂ ಬರೆದಳು. ಅವಳ ಎಡ.

ಮಗು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು. ಬೆಳಗಿನ ಜಾವದಿಂದ ಒಂದೆರಡು ಸಲ ಅತ್ತಿದೆ, ಇವಳು ಕೇಳಿಸಿಕೊಂಡಿದ್ದಾಳೆ. ಆದರೂ ಕೇಳಿದಳು.

"ಅಪ್ಪ. ಮೊದಲ್ನೇದು ಹೆಂಗಿತ್ತು?"

ಬರೆದದ್ದಿದೆ ಎಂದು ನೋಟ್‌ಬುಕ್ ಚಾಚಿದೆ. ತಲೆಯಾಡಿಸಿದಳು. ಓದೋದಲ್ಲ, ಎಂದಳು. ಮಾಡಿ ತೋರಿಸಿ. ಮೆಲ್ಲಗೆ.

ಕುರ್ಚಿ ಹತ್ತಿರ ಎಳೆದುಕೊಂಡೆ. ಗಂಟಲು ಸರಿಮಾಡಿಕೊಂಡೆ. ಕಪ್ಪು ಎರಡು. ಅದಕ್ಕೆ ಮುಂಚೆ ಆ ಕೆಮ್ಮು, ಅದಾದ ಮೇಲೆ ನಾಲ್ಕು ಮಾತ್ರೆ ಬಿಟ್ಟು, ಮೆಲ್ಲಗೆ ಅಳು ಎತ್ತಿದೆ.